‘ರೀಇನ್‌ಸ್ಟಾಲ್ ಮಾಡ್ಬಿಡಿ’ ಅನ್ನೋದು ಉತ್ತರವಲ್ಲ

ಲಿನಕ್ಸ್ ಅಥವಾ ಬೇರೆ ಯಾವುದೇ ಯುನಿಕ್ಸ್ ಮಷೀನಿನಲ್ಲಿ ಯಾರಾದರೂ ರೂಟ್ ಅಧಿಕಾರದಲ್ಲಿ ಒಂದು ತಪ್ಪು ಕಮಾಂಡ್ ಹೊಡೆದು, ಸಾವಿರಾರು ಫೈಲುಗಳ ಮಾಲೀಕರನ್ನು ಒಂದೇ ಏಟಿಗೆ ಬದಲಿಸಿಬಿಟ್ಟರು ಅಂತಿಟ್ಟುಕೊಳ್ಳಿ. ಸುತ್ತಮುತ್ತ ಯಾರನ್ನ ಕೇಳಿದರೂ ಸಿಗೋ ಉತ್ತರ ಒಂದೇ: “ರೀಇನ್‌ಸ್ಟಾಲ್ ಮಾಡ್ಬಿಡಿ.” ಆಫೀಸಿನ ಸೀನಿಯರ್ ಹೇಳೋದೂ ಅದೇ, ಕಾಲೇಜ್ ಲ್ಯಾಬಿನವರು ಹೇಳೋದೂ ಅದೇ, ಯುಗಾದಿ ಊಟಕ್ಕೆ ಸಿಕ್ಕ ‘ಐಟಿ ಅಂಕಲ್’ ಹೇಳೋದೂ ಅದೇ. ಎಲ್ಲರೂ ಹೇಳ್ತಾರೆ ಅಂದಮೇಲೆ ಸರಿಯೇ ಇರಬೇಕು ಅಂತ ನಾವೂ ತಲೆಯಾಡಿಸ್ತೀವಿ.

ನನ್ನ ವಾದ ಬೇರೆ. ಈ ಸಲಹೆ ಹೆಚ್ಚಿನ ಸಲ ಸೋಮಾರಿತನದ್ದು, ಕೆಲವು ಸಲ ಹಾನಿಯದ್ದು. ನೆಗಡಿ ಬಂತು ಅಂತ ಮೂಗು ಕುಯ್ದುಕೊಳ್ಳೋ ಚಿಕಿತ್ಸೆ ಇದು. ಇಲ್ಲಿ ಇನ್ನೊಂದು ವಿಚಿತ್ರವೂ ಇದೆ. ಮೂಗು ಕುಯ್ದರೂ ನೆಗಡಿ ಹೋಗಲ್ಲ!

ಸಂಚಿಕೆಯಲ್ಲಿ ಈ ಕಮಾಂಡುಗಳನ್ನೆಲ್ಲ ಬಾಯಲ್ಲಿ ಹೇಳ್ತಾ ಹೋದರೆ ಕಾರ್ ಓಡಿಸ್ತಾ ಕೇಳೋರಿಗೆ ತಲೆ ಕೆಡುತ್ತೆ, ಅದಕ್ಕೇ ಬರಹದಲ್ಲಿ ಇಡ್ತಿದ್ದೀನಿ. ಇಲ್ಲೇ ಹುಟ್ಟಿ ಬೆಳೆದು ಈಗ ಕನ್ನಡ ಓದೋಕೆ ಕಲೀತಿರೋ ಗೆಳೆಯರಿಗೆ ಒಂದು ಮಾತು: ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ. ಗಟ್ಟಿಯಾಗಿ ಓದಿ, ನಿಮಗೆ ಗೊತ್ತಿರೋ ಹೆಸರೇ ಕಿವಿಗೆ ಬೀಳುತ್ತೆ.

ಪಹಣಿ ಇದೆ, ಮ್ಯುಟೇಶನ್ ಇಲ್ಲ

ಊರಲ್ಲಿ ಜಮೀನಿದ್ದವರ ಮನೆಯಲ್ಲಿ ಪಹಣಿ ಅನ್ನೋ ಮಾತು ಕೇಳಿರ್ತೀರ. ಈ ಸರ್ವೆ ನಂಬರಿನ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳೋ ಸರ್ಕಾರಿ ದಾಖಲೆ ಅದು. ಪಹಣಿಯಲ್ಲಿ ಹೆಸರು ಬದಲಾದರೆ ಜಮೀನು ಎಲ್ಲೂ ಹೋಗಲ್ಲ. ಮಣ್ಣು ಅಲ್ಲೇ, ಬೆಳೆ ಅಲ್ಲೇ. ಆದರೆ ದಾಖಲೆಯಲ್ಲಿರೋ ಹೆಸರು ಬೇರೆಯವರದ್ದಾಗುತ್ತೆ. ಯುನಿಕ್ಸಿನಲ್ಲಿ ಪ್ರತಿ ಫೈಲಿಗೂ ಇಂಥ ಒಂದು ಪಹಣಿ ಇದೆ. ಅದಕ್ಕೆ ಐನೋಡ್ ಅಂತಾರೆ. ಮಾಲೀಕ ಯಾರು, ಗುಂಪು ಯಾವುದು, ಯಾರು ಓದಬಹುದು, ಯಾರು ಬರೆಯಬಹುದು, ಎಲ್ಲ ಅದರಲ್ಲಿರುತ್ತೆ. ಮಾಲೀಕನ ಜಾಗದಲ್ಲಿ ಇರೋದು ಹೆಸರಲ್ಲ, ಒಂದು ಸಂಖ್ಯೆ. ರೂಟ್ ಅಂದರೆ 0. ಎಷ್ಟೋ ಲಿನಕ್ಸ್ ಮಷೀನುಗಳಲ್ಲಿ ಮೊದಲ ಸಾಮಾನ್ಯ ಬಳಕೆದಾರ 1000. ಯಾವ ಸಂಖ್ಯೆ ಯಾರದ್ದು ಅಂತ ಹೇಳೋದು ‘/ಇಟಿಸಿ/ಪಾಸ್‌ವರ್ಡ್’ ಅನ್ನೋ ಪಟ್ಟಿ.

ಮಾಲೀಕನನ್ನು ಬದಲಿಸೋ ಕಮಾಂಡ್ ‘ಚೋನ್’. ಚೇಂಜ್ ಓನರ್ ಅನ್ನೋದರ ಗಿಡ್ಡ ರೂಪ. 1971ರ ನವೆಂಬರಿನ ಮೊಟ್ಟಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದು ಇದೆ. ಇದರ ಜೊತೆ ದೊಡ್ಡ ‘ಆರ್’ ಸೇರಿಸಿದರೆ ಒಂದು ಫೋಲ್ಡರ್, ಅದರೊಳಗಿನ ಫೋಲ್ಡರ್, ಅದರೊಳಗಿನದು ಅಂತ ತಳದವರೆಗೂ ಹೋಗಿ ಎಲ್ಲರ ಪಹಣಿಯನ್ನೂ ತಿದ್ದಿಬರುತ್ತೆ.

ಊರಿನ ದಾಖಲೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಊರಲ್ಲಿ ಹೆಸರು ಬದಲಾದರೆ ಮ್ಯುಟೇಶನ್ ದಾಖಲೆ ಇರುತ್ತೆ: ಮೊದಲು ಯಾರಿದ್ದರು, ಯಾವಾಗ ಬದಲಾಯಿತು, ಯಾಕೆ. ಐನೋಡಿನಲ್ಲಿ ಅದು ಇಲ್ಲ. ಹಳೇ ಸಂಖ್ಯೆಯ ಮೇಲೆ ಹೊಸ ಸಂಖ್ಯೆ ಬರೆದರೆ ಮುಗೀತು. ಚೋನ್‌ಗೆ ‘ಅನ್‌ಡೂ’ ಇಲ್ಲ.

ಇನ್ನೊಂದು ಪೆಟ್ಟೂ ಜೊತೆಗೇ ಬೀಳುತ್ತೆ, ಅದು ಎಷ್ಟೋ ಜನರಿಗೆ ಗೊತ್ತಿರಲ್ಲ. ಕೆಲವು ಪ್ರೋಗ್ರಾಂಗಳಿಗೆ ‘ಸೆಟ್‌ಯುಐಡಿ’ ಅನ್ನೋ ಗುರುತು ಇರುತ್ತೆ. ಯಾರು ಓಡಿಸಿದರೂ ಅದು ತನ್ನ ಮಾಲೀಕನ ಅಧಿಕಾರದಲ್ಲಿ ಓಡುತ್ತೆ. ಸುಡೊ ಕೆಲಸ ಮಾಡೋದೇ ಹೀಗೆ. ಲಿನಕ್ಸಿನಲ್ಲಿ ಇಂಥ ಫೈಲಿನ ಮಾಲೀಕ ಬದಲಾದ ಕೂಡಲೇ ಕರ್ನಲ್ ಆ ಗುರುತನ್ನು ಅಳಿಸಿಹಾಕುತ್ತೆ, ಬದಲಿಸಿದವರು ರೂಟ್ ಆಗಿದ್ದರೂ ಸರಿ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ನಡೆ. ಆದರೆ ಪರಿಣಾಮ ಏನು? ‘/ಯುಎಸ್‌ಆರ್’ ಒಳಗೆ ಚೋನ್ ಓಡಿದರೆ, ತಪ್ಪನ್ನು ತಿದ್ದೋಕೆ ಬೇಕಾದ ಸುಡೊವೇ ಮೊದಲು ಸಾಯುತ್ತೆ. ನಾನು ರೂಟ್‌ಗೆ ಸೇರಿರಬೇಕು, ಸೆಟ್‌ಯುಐಡಿ ಇರಬೇಕು ಅಂತ ಹೇಳಿ ಕೈ ಚೆಲ್ಲಿ ಕೂರುತ್ತೆ. ಈ ಘಟ್ಟದಲ್ಲೇ ಜನ ಗಾಬರಿಯಾಗಿ ರೀಇನ್‌ಸ್ಟಾಲ್ ಪೆನ್‌ಡ್ರೈವ್ ಹುಡುಕೋಕೆ ಶುರು ಮಾಡ್ತಾರೆ.

ಬೆರಳಿನ ಮೇಲೆ ತಪ್ಪು ಹೊರಿಸೋದು ಸುಲಭ

“ನೋಡಿಕೊಂಡು ಟೈಪ್ ಮಾಡಬೇಕಿತ್ತಪ್ಪ” ಅಂತ ಬೈಯೋದಕ್ಕೆ ಮುಂಚೆ ಈ ಅನಾಹುತ ಹೇಗೆಲ್ಲ ಆಗುತ್ತೆ ಅಂತ ನೋಡೋಣ.

ಒಂದು, ಖಾಲಿ ಜಾಗ. ‘./ವಾರ್’ ಅಂತ ಹೊಡೆಯೋ ಕಡೆ ‘. /ವಾರ್’ ಅಂತಾದರೆ ಸಾಕು, ನಿಮ್ಮ ಪ್ರಾಜೆಕ್ಟಿನ ಒಳಗಿನ ಫೋಲ್ಡರ್ ಬದಲು ಇಡೀ ಸಿಸ್ಟಮ್ಮಿನ ‘/ವಾರ್’ ನಿಮ್ಮ ಹೆಸರಿಗೆ ಬರುತ್ತೆ.

ಎರಡು, ಚುಕ್ಕಿ-ನಕ್ಷತ್ರ. ಮನೆ ಫೋಲ್ಡರಿನ ಅಡಗಿದ ಫೈಲುಗಳಿಗೆ ಅಂತ ‘.*’ ಕೊಟ್ಟರೆ, ಹಳೇ ಬ್ಯಾಷ್ ಅದರೊಳಗೆ ‘..’ ಅನ್ನೂ ಸೇರಿಸಿಕೊಳ್ತಿತ್ತು. ಅಂದರೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಎಲ್ಲರ ಮನೆಗೂ ನುಗ್ಗಿದ ಹಾಗೆ. ಬ್ಯಾಷ್ 5.2ರಲ್ಲಿ ಮಾತ್ರ ಇದನ್ನು ತಾನಾಗೇ ಬಿಟ್ಟುಬಿಡೋ ವ್ಯವಸ್ಥೆ ಬಂತು.

ಮೂರು, ನೀವು ಏನೂ ತಪ್ಪು ಮಾಡದೇ ಇರಬಹುದು! 2018ರ ಫೆಬ್ರವರಿಯಲ್ಲಿ ಬಂದ ಎನ್‌ಪಿಎಂ 5.7.0 ಆವೃತ್ತಿಯಲ್ಲಿ ಒಂದು ದೋಷ ಇತ್ತು. ಅದನ್ನು ಸುಡೊ ಜೊತೆ ಓಡಿಸಿದರೆ ‘/ಇಟಿಸಿ’, ‘/ಯುಎಸ್‌ಆರ್’, ‘/ಬೂಟ್’ ಥರದ ಫೋಲ್ಡರುಗಳ ಮಾಲೀಕತ್ವವೇ ಬದಲಾಗುತ್ತಿತ್ತು. ಬೆನ್ನಲ್ಲೇ 5.7.1 ಬಿಟ್ಟು ಸರಿಪಡಿಸಿದರು. ಅಷ್ಟರೊಳಗೆ ಸಿಕ್ಕಿಬಿದ್ದವರು ಚೋನ್ ಅನ್ನೋ ಪದವನ್ನೂ ಟೈಪ್ ಮಾಡಿರಲಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸಾಮಾನ್ಯ, ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋದು: “ಪರ್ಮಿಷನ್ ಡಿನೈಡ್ ಬಂದರೆ ಸುಡೊ ಹಾಕಿ ಚೋನ್ ದೊಡ್ಡ ಆರ್ ಹೊಡಿ” ಅನ್ನೋ ಪಾಠ. ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡೋದು ಇದು. ಯಾಕೆ ಡಿನೈಡ್ ಆಯಿತು, ಈ ಫೈಲು ಯಾರದ್ದು, ಯಾವ ಪ್ರೋಗ್ರಾಂ ಇದನ್ನು ಓದಬೇಕು ಅನ್ನೋ ಒಂದು ಪ್ರಶ್ನೆಯೂ ಇಲ್ಲ. ಬಾಗಿಲು ತೆಗೆಯಲಿಲ್ಲ ಅಂತ ಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳೋದನ್ನ ಕಲಿಸಿ, ಆಮೇಲೆ ಊರೇ ತನ್ನ ಹೆಸರಿಗೆ ಬಂದಾಗ “ನೋಡಿಕೊಂಡು ಮಾಡಬಾರದಾ” ಅಂತ ಬೈಯೋದು ಯಾವ ನ್ಯಾಯ?

ಸಲಕರಣೆಗಳ ಕಡೆಯಿಂದಲೂ ಒಂದು ತಕರಾರಿದೆ. ಲಿನಕ್ಸಿನಲ್ಲಿ ನಾವು ಬಳಸೋ ಗ್ನು ‘ಆರ್‌ಎಂ’ ಕಮಾಂಡಿಗೆ ‘ಪ್ರಿಸರ್ವ್ ರೂಟ್’ ಅನ್ನೋ ಕಾವಲು ತಾನಾಗೇ ಇರುತ್ತೆ; ‘/’ ಅಳಿಸು ಅಂದರೆ ಒಪ್ಪಲ್ಲ. ಅದೇ ಕಾವಲು ಚೋನ್‌ಗೂ ಇದೆ, ಆದರೆ ತಾನಾಗೇ ಇರಲ್ಲ, ನಾವೇ ಹೇಳಬೇಕು. ಬೇಕು ಅಂತ ನೆನಪಾಗೋದು ಊರು ಕೊಳ್ಳೆ ಹೋದ ಮೇಲೆ.

ಮೊದಲ ಹತ್ತು ನಿಮಿಷ

ಸರಿ, ಆಗಿಹೋಯಿತು. ಈಗ ಏನು?

ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ. ಆಮೇಲೆ ಎರಡು ಕೆಲಸ ಮಾಡಬೇಡಿ: ರೂಟ್ ಆಗಿ ತೆರೆದಿರೋ ಕಿಟಕಿ ಮುಚ್ಚಬೇಡಿ, ಮಷೀನ್ ರೀಬೂಟ್ ಮಾಡಬೇಡಿ. ಓಡ್ತಿರೋ ಪ್ರೋಗ್ರಾಂಗಳು ತಮ್ಮ ಅಧಿಕಾರವನ್ನು ಆಗಲೇ ಪಡೆದಿರ್ತವೆ, ಅವು ಓಡ್ತಾನೇ ಇರ್ತವೆ. ಹೊಸದಾಗಿ ಶುರುವಾಗೋವಾಗ ಮಾಲೀಕ ಯಾರು ಅಂತ ನೋಡಿ ಮುನಿಸಿಕೊಳ್ತವೆ. ಎಸ್‌ಎಸ್‌ಎಚ್ ಸರ್ವರ್ ಹಾಗೇ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಗೇ. ತನ್ನ ಡೇಟಾ ಫೋಲ್ಡರ್ ತನ್ನದಲ್ಲ ಅಂತ ಕಂಡರೆ ಪೋಸ್ಟ್‌ಗ್ರೆಸ್ ಏಳೋದೇ ಇಲ್ಲ. ಕೈಯಲ್ಲಿರೋ ಆ ಒಂದು ರೂಟ್ ಕಿಟಕಿ ಈಗ ಚಿನ್ನ.

ಆಮೇಲೆ ಏನನ್ನೂ ತಿದ್ದೋದಕ್ಕೆ ಮೊದಲು ಹಾನಿಯ ಪಟ್ಟಿ ಮಾಡಿ. ಐನೋಡಿನಲ್ಲಿ ಹಳೇ ಮಾಲೀಕ ಇರಲ್ಲ ಅಂದೆ, ನಿಜ. ಆದರೆ ಈ ಪಹಣಿಯನ್ನು ಕೊನೆಯ ಸಲ ಯಾವಾಗ ಮುಟ್ಟಿದರು ಅನ್ನೋ ಸಮಯ ಇರುತ್ತೆ. ಅದಕ್ಕೆ ‘ಸಿಟೈಮ್’ ಅಂತಾರೆ. ‘ಫೈಂಡ್ / -ಎಕ್ಸ್‌ಡೆವ್ -ಸಿಮಿನ್ -30’ ಅಂದರೆ ಕಳೆದ 30 ನಿಮಿಷದಲ್ಲಿ ಪಹಣಿ ಬದಲಾದ ಫೈಲುಗಳೆಲ್ಲ ಬರುತ್ತವೆ. ಆಗಷ್ಟೇ ಬರೆಸಿಕೊಂಡ ಲಾಗ್ ಫೈಲುಗಳೂ ಅದರಲ್ಲಿ ಸೇರಿರುತ್ತವೆ. ‘-ಯೂಸರ್’ ಅಂತ ಸೇರಿಸಿ, ತಪ್ಪು ಮಾಲೀಕನ ಹೆಸರಿಗೆ ಹೋದವನ್ನು ಮಾತ್ರ ಸೋಸಿಕೊಳ್ಳಿ. ಈ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿ. ಯಾಕೆ ಮೊದಲೇ ಅಂದರೆ, ನೀವು ತಿದ್ದೋಕೆ ಶುರು ಮಾಡಿದರೆ ಸಿಟೈಮ್ ಮತ್ತೆ ಬದಲಾಗುತ್ತೆ, ಸಾಕ್ಷಿ ಅಳಿಸಿಹೋಗುತ್ತೆ.

ಮೂರನೆಯದಾಗಿ ಸುಡೊವನ್ನು ಎಬ್ಬಿಸಿ: ಮಾಲೀಕ ಮತ್ತು ಗುಂಪು ರೂಟ್, ಅನುಮತಿ 4755. ಇದೇ ಅನುಕ್ರಮದಲ್ಲಿ. ಮೊದಲು ಅನುಮತಿ ಕೊಟ್ಟು ಆಮೇಲೆ ಚೋನ್ ಮಾಡಿದರೆ ಸೆಟ್‌ಯುಐಡಿ ಮತ್ತೆ ಹಾರಿಹೋಗುತ್ತೆ. ರೂಟ್ ಕಿಟಕಿಯೇ ಇಲ್ಲ ಅಂದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ‘ಸಿಎಚ್‌ರೂಟ್’ ಒಳಗೆ ಹೋಗಿ ಕೆಲಸ ಮಾಡಿ. ಹೊರಗಿನಿಂದಲೇ ಹೆಸರು ಹಿಡಿದು ಚೋನ್ ಮಾಡಿದರೆ ಯುಎಸ್‌ಬಿಯ ಹೆಸರು-ಸಂಖ್ಯೆಯ ಪಟ್ಟಿ ಬೇರೆ, ನಿಮ್ಮದು ಬೇರೆ.

ಬರೆದಿಟ್ಟಿದ್ದಾರೆ, ಹುಡುಕಿ

ಐನೋಡ್ ಮರೆತರೂ ಸಿಸ್ಟಮ್ ಪೂರ್ತಿ ಮರೆತಿರಲ್ಲ. ಮಾಲೀಕತ್ವದ ನೆನಪು ಬೇರೆಬೇರೆ ಕಡೆ ಚದುರಿಕೊಂಡಿರುತ್ತೆ.

ರೆಡ್ ಹ್ಯಾಟ್, ಫೆಡೋರಾ, ಸೂಸೆ ಮನೆತನದವರಿಗೆ ಅದೃಷ್ಟ. ಆರ್‌ಪಿಎಂ ತಾನು ಇಟ್ಟ ಪ್ರತಿ ಫೈಲಿನ ಮಾಲೀಕ, ಗುಂಪು, ಅನುಮತಿಯನ್ನು ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಂಡಿರುತ್ತೆ. ‘ಆರ್‌ಪಿಎಂ -ವಿಎ’ ಅಂದರೆ ಎಲ್ಲಿ ಮಾಲೀಕ ತಪ್ಪಿದೆ, ಎಲ್ಲಿ ಗುಂಪು ತಪ್ಪಿದೆ ಅಂತ ಪಟ್ಟಿ ಕೊಡುತ್ತೆ. ‘ಆರ್‌ಪಿಎಂ --ಸೆಟ್‌ಯುಜಿಐಡಿಸ್ -ಎ’ ಅಂದರೆ ಮಾಲೀಕರನ್ನು ವಾಪಸ್ ಕೂರಿಸುತ್ತೆ. ಆಮೇಲೆ ‘--ಸೆಟ್‌ಪರ್ಮ್ಸ್’ ಓಡಿಸಿದರೆ ಅನುಮತಿಗಳೂ, ಹಾರಿಹೋದ ಸೆಟ್‌ಯುಐಡಿಗಳೂ ಬರುತ್ತವೆ.

ಡೆಬಿಯನ್, ಉಬುಂಟು ಕಡೆ ಕೆಲಸ ಸ್ವಲ್ಪ ಜಾಸ್ತಿ, ಇದು ಆ ಕಡೆಯವರು ಒಪ್ಪಬೇಕಾದ ಕೊರತೆ. ‘ಡಿಪಿಕೆಜಿ --ವೆರಿಫೈ’ ಫೈಲಿನ ಒಳಗಿನ ವಿಷಯ ಬದಲಾಗಿದೆಯಾ ಅಂತ ನೋಡುತ್ತೆ, ಮಾಲೀಕನನ್ನು ನೋಡಲ್ಲ. ಆದರೆ ಪ್ಯಾಕೇಜ್ ಫೈಲಿನ ಒಳಗೆ ಮಾಲೀಕರ ಪಟ್ಟಿ ಇದ್ದೇ ಇದೆ. ‘ಡಿಪಿಕೆಜಿ-ಡೆಬ್ -ಸಿ’ ಅಂದರೆ ತೋರಿಸುತ್ತೆ. ಇನ್‌ಸ್ಟಾಲ್ ಆಗಿರೋ ಪ್ಯಾಕೇಜುಗಳನ್ನೇ ಆಪ್ಟ್ ಮೂಲಕ ‘--ರೀಇನ್‌ಸ್ಟಾಲ್’ ಅಂದರೆ ಫೈಲುಗಳು ಸರಿಹೋಗುತ್ತವೆ. ಆಗಲೇ ಇರೋ ಫೋಲ್ಡರುಗಳನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಿ. ಇದು ಪ್ಯಾಕೇಜಿನ ರೀಇನ್‌ಸ್ಟಾಲ್, ಡಿಸ್ಕ್ ಒರೆಸೋ ರೀಇನ್‌ಸ್ಟಾಲ್ ಅಲ್ಲ. ಅಷ್ಟು ಹೊತ್ತೂ ನಿಮ್ಮ ಡೇಟಾ ಅಲ್ಲೇ ಇರುತ್ತೆ.

ಬಿಎಸ್‌ಡಿ ಮನೆತನದವರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. 1990ರ 4.3 ಬಿಎಸ್‌ಡಿ-ರೀನೋದಲ್ಲೇ ‘ಎಂಟ್ರೀ’ ಅನ್ನೋ ಸಲಕರಣೆ ಬಂತು. ಫೋಲ್ಡರುಗಳ ಸಾಲು ಹೇಗಿರಬೇಕು, ಯಾರದ್ದಾಗಿರಬೇಕು ಅಂತ ಒಂದು ಪಟ್ಟಿ. ಆ ಪಟ್ಟಿಗೆ ಹೋಲಿಸಿ ನೋಡಬಹುದು, ತಿದ್ದಲೂಬಹುದು. ಫ್ರೀಬಿಎಸ್‌ಡಿಯಲ್ಲಿ ಇಂಥ ಪಟ್ಟಿಗಳು ‘/ಇಟಿಸಿ/ಎಂಟ್ರೀ’ ಒಳಗೆ ಸಿದ್ಧವಾಗೇ ಕೂತಿರುತ್ತವೆ.

ಡೇಟಾಬೇಸ್, ಮೇಲ್ ಥರದ ಸರ್ವಿಸುಗಳ ಫೋಲ್ಡರುಗಳಿಗೆ ‘/ಇಟಿಸಿ/ಪಾಸ್‌ವರ್ಡ್’ ನೋಡಿ. ಅಲ್ಲಿ ಪ್ರತಿಯೊಬ್ಬ ಬಳಕೆದಾರನ ಮನೆ ಫೋಲ್ಡರ್ ಯಾವುದು ಅಂತ ಬರೆದಿರುತ್ತೆ, ಎಷ್ಟೋ ಸರ್ವಿಸುಗಳದ್ದೂ ಸೇರಿ. ಸಿಸ್ಟಮ್‌ಡಿ ಇರೋ ಕಡೆ ಸರ್ವಿಸಿನ ಯುನಿಟ್ ಫೈಲಿನಲ್ಲಿ ‘ಯೂಸರ್’ ಅನ್ನೋ ಸಾಲು ಇರಬಹುದು. ‘ಸಿಸ್ಟಮ್‌ಡಿ-ಟಿಎಂಪಿಫೈಲ್ಸ್ --ಕ್ರಿಯೇಟ್’ ಇನ್ನಷ್ಟನ್ನು ತಾನೇ ಸರಿಮಾಡುತ್ತೆ. ಇನ್ನೂ ಅನುಮಾನವಿದ್ದರೆ ಅದೇ ಡಿಸ್ಟ್ರೋ, ಅದೇ ಆವೃತ್ತಿಯ ಇನ್ನೊಂದು ಮಷೀನ್ ನೋಡಿ ಹೋಲಿಸಿ. ಆದರೆ ಹೆಸರು ಹಿಡಿದು ಹೋಲಿಸಿ, ಸಂಖ್ಯೆ ಹಿಡಿದಲ್ಲ. ಸರ್ವಿಸುಗಳ ಸಂಖ್ಯೆ ಮಷೀನಿಂದ ಮಷೀನಿಗೆ ಬೇರೆಯಾಗಿರಬಹುದು.

ರೀಇನ್‌ಸ್ಟಾಲ್ ಕೊಡೋದೇನು?

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಡಿಸ್ಕ್ ಒರೆಸಿ ಹೊಸದಾಗಿ ಹಾಕಿದರೆ ಯಾವುದು ಸರಿಹೋಗುತ್ತೆ? ‘/ಯುಎಸ್‌ಆರ್’, ‘/ಬೂಟ್’, ‘/ಇಟಿಸಿ’ಯ ಹೆಚ್ಚಿನ ಭಾಗ. ಇವೆಲ್ಲ ಬಹುತೇಕ ರೂಟ್ ಹೆಸರಲ್ಲೇ ಇರೋವು, ಪ್ಯಾಕೇಜ್ ದಾಖಲೆಯಿಂದಲೇ ವಾಪಸ್ ತರಬಹುದಾದವು. ಒರೆಸದೆಯೂ ಸರಿಯಾಗುತ್ತಿದ್ದ ಭಾಗವೇ ಅದು.

ಯಾವುದು ಸರಿಹೋಗಲ್ಲ? ನಿಮ್ಮದೇ ಆದದ್ದು. ಮನೆಯ ಸರ್ವರಿನಲ್ಲಿರೋ ಅಜ್ಜಿಯ ಧ್ವನಿಮುದ್ರಿಕೆ, ಮದುವೆ ಫೋಟೋಗಳ ಫೋಲ್ಡರ್ ಯಾರು ಬರೆಯಬಹುದು ಯಾರು ನೋಡಬಹುದು ಅಂತ ಮಾಡಿಟ್ಟ ಏರ್ಪಾಡು, ಕನ್ನಡ ಕೂಟದ ಹಳೇ ಸಂಚಿಕೆಗಳನ್ನು ಐದಾರು ಜನ ಸೇರಿ ತಿದ್ದೋಕೆ ಮಾಡಿದ ಗುಂಪು. ಇವುಗಳ ಮಾಲೀಕತ್ವ ಯಾವ ಪ್ಯಾಕೇಜಿನಲ್ಲೂ ಇಲ್ಲ, ಯಾವ ಇನ್‌ಸ್ಟಾಲರಿಗೂ ಗೊತ್ತಿಲ್ಲ. ಹೊಸ ಸಿಸ್ಟಮ್ ಹಾಕಿ ಆ ಡಿಸ್ಕನ್ನು ಮತ್ತೆ ಜೋಡಿಸಿದರೆ ಅದೇ ತಪ್ಪು ಸಂಖ್ಯೆಗಳು ಹಾಗೇ ಕೂತಿರುತ್ತವೆ. ಅಂದರೆ ಸುಲಭದ ಭಾಗವನ್ನು ಕಷ್ಟಪಟ್ಟು ಮಾಡಿ, ಕಷ್ಟದ ಭಾಗವನ್ನು ಮುಟ್ಟದೇ ಬಿಟ್ಟ ಹಾಗಾಯಿತು. ಇನ್ನು ಗಾಬರಿಯಲ್ಲಿ ತಪ್ಪು ಡಿಸ್ಕ್ ಒರೆಸಿಬಿಟ್ಟರಂತೂ ಹೆಸರಷ್ಟೇ ಬದಲಾಗಿದ್ದ ಜಮೀನನ್ನೇ ಕಳೆದುಕೊಂಡಿರಿ.

ಇದಕ್ಕೆ ಎದುರುವಾದ ಇದೆ, ಅದು ಸುಳ್ಳಲ್ಲ. ಕ್ಲೌಡಿನಲ್ಲಿ ನೂರು ಸರ್ವರ್ ಒಂದೇ ಅಚ್ಚಿನಿಂದ ಬಂದಿದ್ದರೆ, ಒಂದನ್ನು ಕೆಡವಿ ಇನ್ನೊಂದನ್ನು ಎಬ್ಬಿಸೋದೇ ಸರಿ. ಅಲ್ಲಿ ಮಷೀನಿಗೆ ತನ್ನದು ಅಂತ ಏನೂ ಇಲ್ಲ. ಹಾಗೆಯೇ ಹಲವು ಜನ ಲಾಗಿನ್ ಆಗೋ ಮಷೀನಿನಲ್ಲಿ ಪಾಸ್‌ವರ್ಡುಗಳಿರೋ ಫೈಲು ಗಂಟೆಗಟ್ಟಲೆ ಬೇರೆಯವರ ಕೈಯಲ್ಲಿತ್ತು ಅಂದರೆ, ಆ ಹೊತ್ತಲ್ಲಿ ಯಾರು ಏನು ತಿದ್ದಿದರೋ ಅನ್ನೋ ಅನುಮಾನಕ್ಕೆ ಹೊಸ ಸಿಸ್ಟಮ್ಮೇ ಮದ್ದು. ಇವೆರಡನ್ನೂ ಒಪ್ಪೋಣ. ಆದರೆ “ರೀಇನ್‌ಸ್ಟಾಲ್ ಮಾಡ್ಬಿಡಿ” ಅನ್ನೋ ಹೆಚ್ಚಿನವರು ಈ ಲೆಕ್ಕ ಹಾಕಿ ಹೇಳ್ತಿಲ್ಲ. ಮಷೀನಿನಲ್ಲಿ ಏನಿದೆ ಅಂತ ಕೇಳಿಯೂ ಇರಲ್ಲ.

ಭಯಕ್ಕೂ ಒಂದು ಬೆಲೆ ಇದೆ

ಹೊರದೇಶದಲ್ಲಿರೋ ನಮ್ಮಂಥವರ ಮಟ್ಟಿಗೆ ಇದರಲ್ಲಿ ಇನ್ನೊಂದು ಎಳೆ ಇದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರೋರಿಗೆ ಕೆಲಸ ಹೋದರೆ ಮುಂದಿನ ದಾರಿ ನೋಡಿಕೊಳ್ಳೋಕೆ ಸಿಗೋದು ಹೆಚ್ಚೆಂದರೆ 60 ದಿನ. ಅಂಥವರು ರಾತ್ರಿ ಎರಡು ಗಂಟೆಗೆ ಆನ್-ಕಾಲ್‌ನಲ್ಲಿ ಒಂದು ತಪ್ಪು ಕಮಾಂಡ್ ಹೊಡೆದರೆ ಮೊದಲು ನೆನಪಾಗೋದು ಸಿಟೈಮ್ ಅಲ್ಲ, ಮನೆ ಬಾಡಿಗೆ, ಮಕ್ಕಳ ಸ್ಕೂಲು. ಬೈಯೋ ಸಂಸ್ಕೃತಿ ಇರೋ ಕಡೆ ಜನ ಮುಚ್ಚಿಡ್ತಾರೆ. ಟರ್ಮಿನಲ್ ಮುಚ್ಚಿ, ರೀಬೂಟ್ ಮಾಡಿ, ತಾನಾಗೇ ಸರಿಹೋಗಲಪ್ಪ ಅಂತ ಕಾಯ್ತಾರೆ. ಮಾಡಲೇಬಾರದು ಅಂತ ಮೇಲೆ ಹೇಳಿದ ಎರಡು ಕೆಲಸಗಳೂ ಇವೇ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಘಟನೆಯ ವರದಿಯಲ್ಲಿ ಮೂಲ ಕಾರಣ ಅನ್ನೋ ಜಾಗಕ್ಕೆ ‘ಮಾನವ ದೋಷ’ ಅಂತ ಎರಡೇ ಪದ ಬರೆದು ಮುಗಿಸ್ತಿದ್ದರು. ಅದನ್ನು ಓದಿದ ಹೊಸಬರು ಕಲಿತದ್ದು ಒಂದೇ: ಸಿಕ್ಕಿಬೀಳಬಾರದು.

ಆ ವರದಿಗಳಲ್ಲಿ ಕೇಳಬೇಕಿದ್ದ ಪ್ರಶ್ನೆ ಬೇರೆ: ಮಾಲೀಕತ್ವದ ಪಟ್ಟಿ ಯಾಕೆ ಎಲ್ಲೂ ಬರೆದಿಟ್ಟಿರಲಿಲ್ಲ?

ಯಾಕಂದರೆ ಬರೆದಿಡೋದು ಒಂದೇ ಸಾಲಿನ ಕೆಲಸ. ‘ಗೆಟ್‌ಫಾಕಲ್ -ಆರ್ -ಪಿ /ಇಟಿಸಿ /ವಾರ್ /ಹೋಮ್’ ಅಂತ ಹೇಳಿ, ಬಂದದ್ದನ್ನು ಒಂದು ಫೈಲಿಗೆ ಸುರಿದು, ಬೇರೆ ಡಿಸ್ಕಿನಲ್ಲಿಡಿ. ಪ್ರತಿ ಫೈಲಿನ ಮಾಲೀಕ, ಗುಂಪು, ಅನುಮತಿ ಅದರಲ್ಲಿ ಬರುತ್ತೆ. ಅನಾಹುತವಾದ ದಿನ ರೂಟ್ ಆಗಿ ‘ಸೆಟ್‌ಫಾಕಲ್ --ರಿಸ್ಟೋರ್’ಗೆ ಆ ಫೈಲನ್ನು ಕೊಟ್ಟರೆ ಎಲ್ಲರೂ ತಮ್ಮತಮ್ಮ ಮನೆಗೆ ವಾಪಸ್. ಐನೋಡ್ ಇಟ್ಟುಕೊಳ್ಳದ ಮ್ಯುಟೇಶನ್ ದಾಖಲೆಯನ್ನು ನಾವೇ ಇಟ್ಟುಕೊಂಡ ಹಾಗೆ. ಕ್ರಾನ್‌ನಲ್ಲಿ ವಾರಕ್ಕೊಮ್ಮೆ ಓಡಿಸಿದರೆ ಸಾಕು.

ದೊಡ್ಡ ಚೋನ್ ಮಾಡಲೇಬೇಕಾದಾಗ ‘-ವಿ’ ಸೇರಿಸಿ, ಬಂದದ್ದನ್ನು ಲಾಗಿಗೆ ಉಳಿಸಿ. ಗ್ನು ಚೋನ್ ಯಾವ ಫೈಲು ಯಾರಿಂದ ಯಾರಿಗೆ ಹೋಯಿತು ಅಂತ ಸಾಲುಸಾಲಾಗಿ ಹೇಳುತ್ತೆ, ಆ ಲಾಗೇ ನಿಮ್ಮ ಅನ್‌ಡೂ. ‘--ಫ್ರಮ್’ ಕೊಟ್ಟರೆ ಈಗ ಇಂಥವರ ಹೆಸರಲ್ಲಿ ಇರೋ ಫೈಲುಗಳನ್ನು ಮಾತ್ರ ಮುಟ್ಟುತ್ತೆ. ಬ್ಯಾಕಪ್ಪನ್ನು ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ಹಾಗೇ ಎಳೆದುಹಾಕಿ ನೆಮ್ಮದಿಯಾಗಿರಬೇಡಿ; ಆ ಫಾರ್ಮ್ಯಾಟಿನಲ್ಲಿ ಯುನಿಕ್ಸ್ ಮಾಲೀಕ ಅನ್ನೋ ಕಾಲಮ್ಮೇ ಇಲ್ಲ. ಅಲ್ಲೇ ಇಡಬೇಕಿದ್ದರೆ ಟಾರ್ ಮಾಡಿ ಇಡಿ, ಒಳಗೆ ಎಲ್ಲ ಉಳಿಯುತ್ತೆ. ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಇದ್ದರೆ ಸ್ನ್ಯಾಪ್‌ಶಾಟ್ ಹಾಕಿಸಿಕೊಳ್ಳಿ.

ಇನ್ನು ಮನೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದೋ ಮಗಳೋ ಮಗನೋ ಇದ್ದರೆ, ಅವರಿಗೆ ‘ಪರ್ಮಿಷನ್ ಡಿನೈಡ್’ ಬಂದಾಗ ಸುಡೊ ಹೇಳಿಕೊಡೋದಕ್ಕೆ ಮುಂಚೆ ‘ಎಲ್‌ಎಸ್ -ಎಲ್’ ಹೇಳಿಕೊಡಿ. ಮೂರನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ಅಂತ ಓದಲಿ. ಯಾಕೆ ಅವರ ಹೆಸರು ಅಂತ ಒಂದು ನಿಮಿಷ ಯೋಚಿಸಲಿ. ಆಮೇಲೆ ಬದಲಿಸೋದಿದ್ದರೆ ಬದಲಿಸಲಿ.